ಬಣ್ಣ ಬಳಿದ ಕೋವಿ, ಬಣ್ಣದ ಕೊಕ್ಕರೆ

ಮಳವಳ್ಳಿ ಎಂದರೆ ಬಹಳ ಮಂದಿಗೆ ಶಿವನಸಮುದ್ರಕ್ಕೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲುವ ಊರು. ಇಳಿದು ಕಾಫಿ ಕುಡಿದು ಮತ್ತೆ ಬಸ್ಸು ಹತ್ತುವ ಪ್ರವಾಸಿಗರಿಗೆ ಈ ಊರಿನ ಹೊರವಲಯದ ರಾಗಿ, ಹುರುಳಿ ಹೊಲಗಳಲ್ಲಿ ನಡೆದ ಸಂಗತಿ ನೆನಪಾಗುವುದಿಲ್ಲ. 1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನನ ಸೇನೆಯೂ ಜನರಲ್ ಹ್ಯಾರಿಸ್‌ನ ನೇತೃತ್ವದ ಇಂಗ್ಲಿಷ್ ಸೇನೆಯೂ ಎದುರಾದದ್ದು ಇಲ್ಲಿಯೇ. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನಿಸಿಕೊಂಡು ವಾಟರ್‌ಲೂ ಕದನದಲ್ಲಿ ಹೆಸರಾದ ಆರ್ಥರ್ ವೆಲ್ಲೆಸ್ಲಿ ಆಗ ಬರಿಯ ಕರ್ನಲ್. ಅವನೂ ಆ ದಿನ ಮಳವಳ್ಳಿಯಲ್ಲಿದ್ದ. ಟಿಪ್ಪು ಹಿಮ್ಮೆಟ್ಟಿದ. ಹ್ಯಾರಿಸ್ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದತ್ತ ನಡೆದ. ಮೇ 4ರಂದು ಕೋಟೆ ಬಿತ್ತು.

ಆ ದಿನ ಮಳವಳ್ಳಿಯ ಬಯಲಿನಲ್ಲಿ ನಿಂತಿದ್ದವರು ಹೇಗೆ ಕಾಣುತ್ತಿದ್ದರು ಎಂದು ಕಲ್ಪಿಸಿಕೊಳ್ಳಬೇಕು. ಇಂಗ್ಲಿಷ್ ಸೈನಿಕರ ಮೈಮೇಲೆ ಕೆಂಪು ಕೋಟು. ಭುಜದ ಮೇಲೆ ಬಿಸಿಲಿಗೆ ಮಿರಮಿರನೆ ಮಿಂಚುವ ಬಂದೂಕಿನ ನಳಿಗೆ. ಟಿಪ್ಪುವಿನ ಕಡೆ ಎಲ್ಲೆಲ್ಲೂ ಹುಲಿ. ಸೈನಿಕರ ಅಂಗಿಯ ಮೇಲೆ 'ಬಬ್ರಿ' ಎಂದು ಕರೆಯುತ್ತಿದ್ದ ಹುಲಿಪಟ್ಟೆ, ಫಿರಂಗಿಯ ಬಾಯಲ್ಲಿ ಹುಲಿಯ ಮುಖ. ಸುಲ್ತಾನನಿಗಾಗಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಬಂದೂಕುಗಳ ನಳಿಗೆಯ ಮೇಲೂ ಹಿಡಿಯ ಮೇಲೂ ಬೆಳ್ಳಿಯ ಕೆತ್ತನೆಯ ಹುಲಿಗಳಿದ್ದವು. ಕೋಟೆ ಬಿದ್ದ ಮೇಲೆ ಲೂಟಿಯಾಗಿ ಇಂಗ್ಲೆಂಡಿಗೆ ಹೋದ ಈ ಬಂದೂಕುಗಳಲ್ಲಿ ಕೆಲವನ್ನು ಅಲ್ಲಿನ ಅರಮನೆ, ವಸ್ತುಸಂಗ್ರಹಾಲಯಗಳಲ್ಲಿ ಜನ ಇಂದಿಗೂ ನಿಂತು ನೋಡುತ್ತಾರೆ.

ಅಂದರೆ, ಇಂದಿನ ಮಂಡ್ಯ ಜಿಲ್ಲೆಯ ನೆಲದಲ್ಲಿ ಬಂದೂಕನ್ನು ಒಡೆಯನ ಇಷ್ಟಕ್ಕೆ ತಕ್ಕಂತೆ ಸಿಂಗರಿಸುವ ಕೆಲಸ ಇನ್ನೂರು ವರ್ಷಕ್ಕೂ ಹಿಂದೆಯೇ ನಡೆದಿತ್ತು. ಆದರೆ ಆ ಸಿಂಗಾರವೆಲ್ಲ ಎದುರಿನವನ ಕಣ್ಣಿಗೆ ಬೀಳಲೆಂದು. 'ನೋಡು, ಇದು ಹುಲಿ' ಎಂದು ಹೇಳಲು. ಇದರಲ್ಲೊಂದು ವಿಚಿತ್ರವಿದೆ. ಕಾಡಿನ ಹುಲಿಗೆ ಪಟ್ಟೆ ಇರುವುದು ಕಾಣಿಸಿಕೊಳ್ಳಲು ಅಲ್ಲ, ಕಾಣದಿರಲು. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಬಣ್ಣಗಳು ಸರಿಯಾಗಿ ತಿಳಿಯುವುದಿಲ್ಲ. ನಮಗೆ ಕೇಸರಿಯಾಗಿ ಹೊಳೆಯುವ ಹುಲಿ ಅದಕ್ಕೆ ಹುಲ್ಲಿನ ಬಣ್ಣದ್ದೇ. ಮೇಲೆ ಕಪ್ಪು ಪಟ್ಟೆಗಳು ಮೈಯ ಅಂಚನ್ನು ಒಡೆದು ಹಾಕುವುದರಿಂದ ಹುಲ್ಲಿನ ನೆರಳು ಯಾವುದು, ಹುಲಿ ಯಾವುದು ಎಂಬುದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಮಿಂಚುವ ಕೋವಿಯಿಂದ ಮರೆಯಾಗುವ ಕೋವಿಗೆ

ಹುಲಿಯ ಈ ಗುಟ್ಟು ಸೈನ್ಯಗಳಿಗೆ ತಿಳಿಯಲು ಹಲವು ದಶಕಗಳೇ ಬೇಕಾದವು. ಮಳವಳ್ಳಿಯ ಕದನ ನಡೆದ ಮರುವರ್ಷ, 1800ರಲ್ಲಿ, ಇಂಗ್ಲೆಂಡಿನಲ್ಲಿ ಹಸಿರು ಅಂಗಿಯ ರೈಫಲ್ ದಳವೊಂದು ಹುಟ್ಟಿತು. ಬಿಸಿಲಿಗೆ ಮಿಂಚದಂತೆ ಇವರ ರೈಫಲಿನ ನಳಿಗೆಗೆ ಕಂದು ಬಣ್ಣ ಹಿಡಿಸಿದ್ದರು. 1840ರ ದಶಕದ ಕೊನೆಗೆ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ತನ್ನ 'ಗೈಡ್ಸ್' ದಳಕ್ಕೆ ಮಣ್ಣಿನ ಬಣ್ಣದ ಬಟ್ಟೆ ತೊಡಿಸಿದ. ಪಾರಸಿ ಭಾಷೆಯಲ್ಲಿ 'ಖಾಕ್' ಎಂದರೆ ಮಣ್ಣು, ಧೂಳು. ಇಂದು ಊರೂರಿನ ಪೊಲೀಸ್ ಠಾಣೆಯಲ್ಲಿ ಕಾಣುವ ಖಾಕಿಯ ಮೂಲ ಅದು.

1896ರಲ್ಲಿ ಅಬಟ್ ಥೇಯರ್ ಎಂಬ ಅಮೆರಿಕದ ಚಿತ್ರಕಾರ ಪ್ರಾಣಿಗಳ ಬಣ್ಣದ ಬಗ್ಗೆ ಲೇಖನವೊಂದನ್ನು ಬರೆದ. ಅನೇಕ ಪ್ರಾಣಿಗಳ ಬೆನ್ನು ಗಾಢವಾಗಿದ್ದು ಹೊಟ್ಟೆ ತಿಳಿಯಾಗಿರುವುದೇಕೆ? ಮೇಲಿನಿಂದ ಬೀಳುವ ಬೆಳಕು ಬೆನ್ನನ್ನು ಬೆಳಗಿಸಿ ಹೊಟ್ಟೆಯನ್ನು ಕಪ್ಪಾಗಿಸುತ್ತದೆ. ಮೈಬಣ್ಣ ಇದಕ್ಕೆ ತಿರುಗುಮುರುಗಾಗಿದ್ದರೆ ಎರಡೂ ಸೇರಿ ಮೈ ಚಪ್ಪಟೆಯಾಗಿ ಕಾಣುತ್ತದೆ, ನೋಡುವವನ ಕಣ್ಣು ಮೋಸಹೋಗುತ್ತದೆ. ಮೊದಲ ಮಹಾಯುದ್ಧದ ಕಾಲಕ್ಕೆ ಫ್ರಾನ್ಸ್ ಸೇನೆ ಚಿತ್ರಕಲಾವಿದರ ತಂಡವನ್ನೇ ಕಟ್ಟಿ ಫಿರಂಗಿಗಳಿಗೆ ಬಣ್ಣ ಬಳಿಸಿತು. 'ಕ್ಯಾಮಫ್ಲಾಜ್' ಎಂಬ ಫ್ರೆಂಚ್ ಮಾತು ಲೋಕಕ್ಕೆಲ್ಲ ಹರಡಿದ್ದು ಆಗಲೇ.

ಸೈನ್ಯದಿಂದ ಈ ವಿದ್ಯೆ ಬೇಟೆಗಾರರ ಕೈಗೆ ಬಂತು. ಈಗ ಮಂಡ್ಯದ ಹುಡುಗರೂ ಮೊಬೈಲಿನಲ್ಲಿ ಅಮೆರಿಕದ ಬೇಟೆಯ ದೃಶ್ಯಗಳನ್ನು ನೋಡಬಲ್ಲರು. ಎಲೆ, ತೊಗಟೆ, ಒಣಹುಲ್ಲಿನ ಚಿತ್ರ ಬಳಿದ ಕೋವಿ ಕಂಡಾಗ 'ಅದಕ್ಯಾಕೆ ಹಂಗೆ ಬಣ್ಣ?' ಎಂಬ ಪ್ರಶ್ನೆ ಸಹಜ. ಉತ್ತರ ಹೇಳಬೇಕಾದರೆ ಒಂದು ಹಕ್ಕಿಯ ಕಥೆಯಿಂದ ಶುರುಮಾಡಬೇಕು.

ಹಿಂದೂಸ್ಥಾನದ್ದಲ್ಲದ 'ಹಿಂದಿ' ಹಕ್ಕಿ

ಟರ್ಕಿ ಕೋಳಿ ಟರ್ಕಿ ದೇಶದ್ದಲ್ಲ, ಅಮೆರಿಕ ಖಂಡದ್ದು. ಟರ್ಕಿ ದೇಶದವರೇ ಇದನ್ನು 'ಹಿಂದಿ' ಎನ್ನುತ್ತಾರೆ, ಅಂದರೆ ಹಿಂದೂಸ್ಥಾನದ್ದು! ಫ್ರೆಂಚರ 'ದ್ಯಾಂದ್' ಎಂಬ ಹೆಸರಿಗೂ 'ಇಂಡಿಯಾದ್ದು' ಎಂಬುದೇ ಅರ್ಥ. ಇಂಡಿಯಾಕ್ಕೆ ಇದು ಬಂದದ್ದಾದರೂ ಪೋರ್ಚುಗೀಸರ ಕಾಲದಲ್ಲಿ. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವೆಯಿಂದ ಟರ್ಕಿ ಕೋಳಿಯೊಂದನ್ನು ತಂದು ಜಹಾಂಗೀರ್ ಬಾದಶಹನಿಗೆ ಒಪ್ಪಿಸಿದ. ಬೆರಗಾದ ಬಾದಶಹ ಅದನ್ನು ಚಿತ್ರಕಾರ ಮನ್ಸೂರನಿಂದ ಬರೆಯಿಸಿದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ನವಿಲು, ಕಾಡುಕೋಳಿ, ಗೌಜಲ ಹಕ್ಕಿಗಳ ಕುಟುಂಬಕ್ಕೇ ಸೇರಿದ ಹಕ್ಕಿ ಇದು.

ಅಮೆರಿಕದಲ್ಲಿ ಕಾಡು ಟರ್ಕಿಯ ಬೇಟೆ ವಸಂತ ಕಾಲದ್ದು. ಬೇಟೆಗಾರ ಮರಕ್ಕೆ ಬೆನ್ನು ಕೊಟ್ಟು ಅಲುಗಾಡದೆ ಕೂತು, ಹೆಣ್ಣು ಹಕ್ಕಿಯಂತೆ ಕೂಗಿ ಗಂಡನ್ನು ಹತ್ತಿರಕ್ಕೆ ಕರೆಯುತ್ತಾನೆ. ಬಹಳ ಹುಷಾರಿನ ಹಕ್ಕಿ ಇದು. ಮನುಷ್ಯನ ಕಣ್ಣಿನಲ್ಲಿ ಬಣ್ಣ ತಿಳಿಯುವ ಕೋಶಗಳು ಮೂರು ಬಗೆಯವು. ಹಗಲು ಹಕ್ಕಿಗಳಲ್ಲಿ ನಾಲ್ಕು ಬಗೆ. ಜಿಂಕೆಯ ಬೇಟೆಗೆ ಹೋಗುವವರು ಕಿತ್ತಳೆ ಬಣ್ಣದ ಅಂಗಿ ತೊಟ್ಟರೂ ನಡೆಯುತ್ತದೆ, ಟರ್ಕಿಯ ಮುಂದೆ ಅದು ನಡೆಯದು. ಕೈಗವಸು, ಮುಖದ ಪರದೆ, ಕೊನೆಗೆ ಕೋವಿ, ಎಲ್ಲವೂ ಕಾಡಿನ ಬಣ್ಣಕ್ಕೆ ತಿರುಗಬೇಕು.

ಇದಕ್ಕೆ ಬಳಸುವುದು ಹೆಚ್ಚಾಗಿ 12 ಬೋರಿನ ಕೋವಿ. ಈ 12 ಎಂಬ ಲೆಕ್ಕ ಎಲ್ಲಿಂದ ಬಂತು? ನಳಿಗೆಯ ಒಳಸುತ್ತಿಗೆ ಸರಿಯಾಗಿ ಹೊಂದುವ 12 ಸೀಸದ ಗುಂಡುಗಳನ್ನು ತೂಗಿದರೆ ಒಂದು ಪೌಂಡು. ಹಾಗಾಗಿ ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು. 12 ಬೋರಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ತೋಟಾದೊಳಗೆ ಒಂದು ಗುಂಡಿನ ಬದಲು ನೂರಾರು ಚರೆ ಇರುತ್ತವೆ. ನಳಿಗೆಯ ಬಾಯಿಗೆ 'ಚೋಕ್' ಎಂಬ ಬಿಗಿ ಕೊಳವೆ ಸೇರಿಸಿದರೆ ಚರೆಗಳು ಬೇಗ ಚದರದೆ ಒತ್ತಾಗಿ ಹೋಗುತ್ತವೆ. ಹೊಲಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಬೆರಳು ಒತ್ತಿದಂತೆ ಎಂದುಕೊಳ್ಳಬಹುದು. ಅಷ್ಟಾದರೂ ಟರ್ಕಿ ಬೇಟೆಯ ಹೊಡೆತ ಸಾಮಾನ್ಯವಾಗಿ 40 ಗಜದ ಆಸುಪಾಸಿನದೇ.

ಬಣ್ಣದ ಕೆಲಸ ನಮ್ಮಲ್ಲಿ ಸೈಕಲ್ಲಿಗೋ ಕಬ್ಬಿಣದ ಗೇಟಿಗೋ ಬಣ್ಣ ಹೊಡೆದಂತೆಯೇ. ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಬಿಡಿಭಾಗ ಬಿಚ್ಚುತ್ತಾರೆ. ಎಣ್ಣೆಯ ಜಿಡ್ಡು ತೆಗೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ನಳಿಗೆಯ ಬಾಯಿ, ಕುದುರೆ, ಗುರಿ ನೋಡುವ ಕಾಯಿಗಳಿಗೆ ಅಂಟುಪಟ್ಟಿ ಸುತ್ತಿ, ಹೊಳಪಿಲ್ಲದ ತಿಳಿಬಣ್ಣವನ್ನು ಮೊದಲು ಹೊಡೆಯುತ್ತಾರೆ. ಅದು ಒಣಗಿದ ಮೇಲೆ ಅದೇ ಕಾಡಿನ ಎಲೆ, ಜರೀಗಿಡದ ಗರಿ ತಂದು ಕೋವಿಯ ಮೇಲಿಟ್ಟು ಕಡುಬಣ್ಣ ಸಿಂಪಡಿಸುತ್ತಾರೆ. ಎಲೆ ಎತ್ತಿದರೆ ಅದರ ಅಚ್ಚು ಉಳಿದಿರುತ್ತದೆ. ಹಬ್ಬದ ದಿನ ಅಚ್ಚಿಟ್ಟು ರಂಗೋಲಿ ಬಿಟ್ಟ ಹಾಗೆ. ಕಾರ್ಖಾನೆಗಳಲ್ಲಿ ನೀರಿನ ಮೇಲೆ ತೇಲಿಬಿಟ್ಟ ಚಿತ್ರದ ಪೊರೆಯೊಳಗೆ ಬಿಡಿಭಾಗಗಳನ್ನು ಅದ್ದಿ ತೆಗೆಯುವ ವಿಧಾನವೂ ಇದೆ. ಕಾಡಿನಲ್ಲಿ ನೇರವಾದ ಗೆರೆ ಅಪರೂಪ. ಕೋವಿಯ ನಳಿಗೆ ಮಾತ್ರ ಉದ್ದಕ್ಕೂ ನೆಟ್ಟಗೆ. ಆ ಗೆರೆಯನ್ನು ತುಂಡರಿಸುವುದು ಮತ್ತು ಹೊಳಪನ್ನು ಕೊಲ್ಲುವುದು, ಈ ಎರಡಕ್ಕಾಗಿ ಇಷ್ಟೆಲ್ಲ ಶ್ರಮ.

ಈ ವೇಷಕ್ಕೆ ಒಂದು ಅಪಾಯವೂ ಅಂಟಿಕೊಂಡಿದೆ. ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ. ಪೊದೆಯ ಮರೆಯಲ್ಲಿರುವ ಬೇಟೆಗಾರನ ಕರವಸ್ತ್ರವೋ ಕಾಲುಚೀಲವೋ ಆ ಬಣ್ಣದ್ದಾಗಿದ್ದರೆ ಇನ್ನೊಬ್ಬ ಬೇಟೆಗಾರ ಅವನನ್ನೇ ಹಕ್ಕಿ ಎಂದು ಭಾವಿಸಿಯಾನು. ಅದಕ್ಕೇ ಆ ಮೂರು ಬಣ್ಣಗಳನ್ನು ತೊಡಬೇಡಿ ಎಂಬುದು ಅಲ್ಲಿ ಹೊಸಬರಿಗೆ ಹೇಳುವ ಮೊದಲ ಪಾಠಗಳಲ್ಲೊಂದು.

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಮೆರಿಕದ ಅನೇಕ ರಾಜ್ಯಗಳಲ್ಲಿ ಈ ಹಕ್ಕಿ ಅಳಿದೇ ಹೋಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಬೇಟೆಗೆ ಕಾಲ, ಮಿತಿ ಗೊತ್ತುಮಾಡಿ, ಉಳಿದಿದ್ದ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಬೇರೆಡೆ ಬಿಟ್ಟು ಅವನ್ನು ಮರಳಿ ಬೆಳೆಸಿದರು. ಕೋವಿ, ತೋಟಾಗಳ ಮೇಲೆ ಹಾಕುವ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗಬೇಕೆಂಬ ಕಾನೂನು ಅಲ್ಲಿ 1937ರಲ್ಲಿ ಬಂತು.

ಮಂಡ್ಯದ ರೈತನ ಕೋವಿ

ಭಾರತದ ದಾರಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಬಿಗಿಹಿಡಿಯಿತು. 1991ರ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಪರವಾನಗಿ ಎಂಬುದೇ ಉಳಿಯಲಿಲ್ಲ. ಕಾಡುಕೋಳಿ ಇರಲಿ, ಗೌಜಲ ಇರಲಿ, ಹೊಡೆದರೆ ಅಪರಾಧ. ಆದ್ದರಿಂದ ಹಕ್ಕಿಯ ಬೇಟೆಗೆಂದು ಕೋವಿಗೆ ಬಣ್ಣ ಬಳಿಯುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ.

ಹಾಗೆಂದು ಮಂಡ್ಯದ ಹಳ್ಳಿಗಳಿಗೆ ಕೋವಿ ಅಪರಿಚಿತವಲ್ಲ. ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ಅವಕಾಶ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆ. ಅದೇ ಕಾಯ್ದೆಯ ಪ್ರಕಾರ ಕೋವಿಯ ಮೇಲೆ ಒತ್ತಿದ ಸಂಖ್ಯೆ, ಗುರುತುಗಳನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಅನುಮತಿಯಿಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವಂತಿಲ್ಲ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀತಿ ಪಡೆಯುವ ಪಾಡೂ ಇದೆ. ಮಳವಳ್ಳಿಯ ಹಲಗೂರು ಕಡೆ, ಕಾವೇರಿ ವನ್ಯಧಾಮದ ಅಂಚಿನ ಹೊಲಗಳಲ್ಲಿ ಆನೆ, ಹಂದಿಗಳ ಕಾಟ ತಪ್ಪಿದ್ದಲ್ಲ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಪಟಾಕಿ ಹೊಡೆದು, ತಗಡು ಬಡಿದು ಕಾಯುವ ರೈತನಿಗೆ ಅಡಗಿಕೊಳ್ಳುವ ಬಣ್ಣ ಬೇಕಿಲ್ಲ. 'ಇಲ್ಲೊಬ್ಬ ಮನುಷ್ಯನಿದ್ದಾನೆ' ಎಂದು ಕಾಡಿಗೆ ಗೊತ್ತಾಗುವುದೇ ಅವನಿಗೆ ಬೇಕಾದದ್ದು. ಹೊಲದ ನಡುವೆ ಹರಕು ಅಂಗಿ ತೊಟ್ಟು ನಿಂತ ಬೆರ್ಚಪ್ಪನ ಕೆಲಸವೂ ಅದೇ.

ಮರೆ ಬೇಡದ ಊರು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬಂದರೆ ಮರೆ, ವೇಷಗಳ ಮಾತೇ ಬೇಡವಾಗುತ್ತದೆ. ಶಿಂಷಾ ನದಿಗೆ ಹತ್ತಿರದ ಈ ಹಳ್ಳಿಗೆ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬರುತ್ತವೆ. ಮನೆಯ ಹಿತ್ತಿಲಿನ ಹುಣಸೆಮರ, ಬೀದಿಯ ಆಲ, ಅರಳಿಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮುಂಗಾರು ಶುರುವಾಗುವ ಹೊತ್ತಿಗೆ ಹೊರಡುತ್ತವೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಎತ್ತಿನ ಗಾಡಿ ಹೋಗುತ್ತಿರುತ್ತದೆ, ಮಕ್ಕಳು ಚೆಂಡಾಡುತ್ತಿರುತ್ತಾರೆ. ಕೆಲವೇ ಮಾರು ಮೇಲೆ ಹೆಜ್ಜಾರ್ಲೆ ತನ್ನ ಕೊಕ್ಕಿನ ಚೀಲದೊಳಕ್ಕೆ ಮರಿಯ ತಲೆಯನ್ನೇ ತೂರಿಸಿಕೊಂಡು ಮೀನು ತಿನ್ನಿಸುತ್ತಿರುತ್ತದೆ. ಅಮೆರಿಕದ ಬೇಟೆಗಾರ ಎಷ್ಟೆಲ್ಲ ವೇಷ ಹಾಕಿ ಪಡೆಯುವ 40 ಗಜದ ಅಂತರ ಇಲ್ಲಿ ಕೈಬೀಸಿಕೊಂಡು ನಡೆಯುವವನಿಗೂ ಸಿಗುತ್ತದೆ. ಅದಕ್ಕಿಂತ ಹತ್ತಿರವೂ ಸಿಗುತ್ತದೆ.

ಬಣ್ಣದ ಕೊಕ್ಕರೆಯಂತೂ ಅಡಗಿಕೊಳ್ಳುವ ಹಕ್ಕಿಯೇ ಅಲ್ಲ. ಹಳದಿ ಕೊಕ್ಕು, ಕಿತ್ತಳೆ ಮುಖ, ಬಿಳಿ ಮೈ, ರೆಕ್ಕೆಯಲ್ಲಿ ಕಪ್ಪು ಪಟ್ಟೆ, ಬಾಲದ ಬಳಿ ಗುಲಾಬಿ ಗರಿ. ಆದರೆ ಅದರ ಎಳೆಯ ಮರಿಗಳಿಗೆ ಈ ರಂಗು ಇರುವುದಿಲ್ಲ. ಮಾಸಲು ಕಂದುಬಣ್ಣದ ಅವಕ್ಕೆ ದೊಡ್ಡವರ ಬಣ್ಣ ಬರಲು ವರ್ಷಗಳೇ ಬೇಕು.

ಈ ಸಲಿಗೆ ಹೇಗೆ ಬೆಳೆಯಿತು? ಹಿಂದೆ ಊರು ಶಿಂಷಾ ದಂಡೆಯಲ್ಲಿತ್ತು, ಪ್ಲೇಗು ಬಂದಾಗ ಜನ ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಊರಿನ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆ ಒಂದು ಕಡೆ. ಮರದ ಕೆಳಗಿನ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ ಎಂಬ ಲೆಕ್ಕಾಚಾರ ಇನ್ನೊಂದು ಕಡೆ. ಮರಗಳ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡು ತುಂಬಿ, ಅದರ ಮೇಲೆ ಬಿದ್ದ ಹಿಕ್ಕೆಯ ಸಮೇತ ಗದ್ದೆಗೆ ಸಾಗಿಸುವ ರೂಢಿ ಇಲ್ಲಿತ್ತು.

ಹೊರಜಗತ್ತಿಗೆ ಈ ಊರಿನ ಹೆಸರು ಹರಡಿದ್ದು 1970ರ ದಶಕದಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇಲ್ಲಿನ ಹೆಜ್ಜಾರ್ಲೆಗಳ ಬಗ್ಗೆ ಬರೆದ ಮೇಲೆ. ಗೂಡು ಕಟ್ಟಿದ ಹುಣಸೆಮರದ ಫಸಲು ಕೈಬಿಟ್ಟುಹೋಗುವುದರಿಂದ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಕ್ರಮ ಆರಂಭವಾಯಿತು. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರ ಸಂಘವೊಂದರ ನೆರವಿನಿಂದ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗಿಟ್ಟು, ಮೀನು ತಿನ್ನಿಸಿ ಸಾಕಿ ಹಾರಿಬಿಟ್ಟರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಊರು ಊರಾಗಿಯೇ ಇರಬೇಕು, ಹಕ್ಕಿಯೂ ಇರಬೇಕು ಎಂಬುದು ಇದರ ಆಶಯ.

ಕೋವಿಯಿಂದ ದುರ್ಬೀನಿಗೆ

ಮಕ್ಕಳಿಗೆ ಕೋವಿಯ ಮೇಲೆ ಆಸೆ ಹುಟ್ಟಿದರೆ ಹೆತ್ತವರು ಗಾಬರಿಯಾಗಬೇಕಿಲ್ಲ. ಸಲೀಂ ಅಲಿಯವರ ಕಥೆ ಹೇಳಿದರೆ ಸಾಕು. ಹುಡುಗನಾಗಿದ್ದಾಗ ಅವರು ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದರು. ಅದರ ಕುತ್ತಿಗೆಯ ಹಳದಿ ಗುರುತು ನೋಡಿ, ಇದಾವ ಹಕ್ಕಿ ಎಂದು ತಿಳಿಯಲು ಬೊಂಬಾಯಿನ ನಿಸರ್ಗ ಚರಿತ್ರೆ ಸಂಘದ ಬಾಗಿಲು ಬಡಿದರು. ಆ ಕುತೂಹಲ ಅವರನ್ನು ಭಾರತದ ಪಕ್ಷಿಶಾಸ್ತ್ರದ ಹಿರಿಯರನ್ನಾಗಿ ಮಾಡಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಅವರ ಮಾತಿನಂತೆ ಮಹಾರಾಜರು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿದರು. ಅದೂ ಮಂಡ್ಯ ಜಿಲ್ಲೆಯಲ್ಲೇ ಇದೆ.

ಹೊಂಚು ಹಾಕುವುದು, ಉಸಿರು ಬಿಗಿಹಿಡಿದು ಕೂರುವುದು, ಹಕ್ಕಿಯ ಕಣ್ಣು ತಪ್ಪಿಸುವುದು, ಬೇಟೆಯ ಈ ಸುಖಗಳೆಲ್ಲ ದುರ್ಬೀನು ಹಿಡಿದವನಿಗೂ ಸಿಗುತ್ತವೆ. ಮಳವಳ್ಳಿಯ ಕುರುಚಲು ಬಯಲಿನಲ್ಲಿ ಗೌಜಲ ಹಕ್ಕಿಯನ್ನು ಅದು ಹಾರುವ ಮೊದಲೇ ಗುರುತಿಸಿದ ಹುಡುಗ ನಿಜಕ್ಕೂ ಜಾಣ. ಕಲ್ಲುಗಳ ನಡುವೆ ಕಲ್ಲಿನಂತೆಯೇ ಬಿದ್ದಿರುವ ಟಿಟ್ಟಿಭದ ಮೊಟ್ಟೆಯನ್ನು ಕಂಡವರು, ಮುಟ್ಟದೆ ಹಿಂದೆ ಸರಿದರೆ, ಬಣ್ಣದ ಡಬ್ಬಿಯೇ ಇಲ್ಲದೆ ನಿಸರ್ಗ ಮಾಡಿದ ಕೆಲಸವನ್ನು ಕಂಡಂತೆ.

ಕೊಕ್ಕರೆ ಬೆಳ್ಳೂರಿನಲ್ಲಿ ಇಂದು ಕೋವಿಯ ಭಯವಿಲ್ಲ. ಭಯ ಬೇರೆ ಕಡೆಯಿಂದ ಬಂದಿದೆ. ಹಳೆಯ ಮರಗಳು ಒಂದೊಂದಾಗಿ ಹೋಗುತ್ತಿವೆ. ಹಂಚಿನ ಮನೆ ತಾರಸಿಯಾದಾಗ ಹಿತ್ತಿಲಿನ ಮರಕ್ಕೆ ಜಾಗ ಉಳಿಯುವುದಿಲ್ಲ. ಹುಣಸೆಯ ಫಸಲು ಬಿಟ್ಟ ರೈತನಿಗೆ ಪರಿಹಾರ ಸಾಲದೆಂಬ ಬೇಸರವಿದ್ದರೆ ಅದನ್ನು ತಪ್ಪೆನ್ನಲಾಗದು. ಶಿಂಷಾ ಹೊಳೆಯ ಮರಳು ಹೋಗಿದೆ, ಕೆರೆಗಳಿಗೆ ಕೊಳಕು ನೀರು ಸೇರುತ್ತಿದೆ. 2017ರ ಡಿಸೆಂಬರಿನಿಂದ ಕೆಲವು ತಿಂಗಳು ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯ ತುಂಬ ದುಂಡುಹುಳುಗಳು. ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುವ ಹುಳು ಇದು. ತಲೆಮಾರುಗಳಿಂದ ಹಕ್ಕಿಯನ್ನು ಕಾಪಾಡಿದ ಊರಿನವರು ಕೈಕಟ್ಟಿ ನೋಡುವಂತಾಯಿತು. ಮರ ಕಾಯುವುದು ಒಂದು ಊರಿನ ಕೈಯಲ್ಲಿದೆ. ಕೆರೆ, ಹೊಳೆಗಳನ್ನು ಕಾಯಲು ಮದ್ದೂರು, ಮಂಡ್ಯ, ಮಳವಳ್ಳಿಗಳೆಲ್ಲ ಸೇರಬೇಕು.

ಹೋಗುವವರಿಗೆ

ಜನವರಿಯಿಂದ ಏಪ್ರಿಲ್‌ವರೆಗೆ ಕೊಕ್ಕರೆ ಬೆಳ್ಳೂರಿಗೆ ಒಳ್ಳೆಯ ಕಾಲ. ಬೆಂಗಳೂರಿನಿಂದ ಸುಮಾರು 80 ಕಿ.ಮೀ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮದ್ದೂರು, ಮಂಡ್ಯ ಪೇಟೆಗಳನ್ನು ಬಳಸಿಕೊಂಡು ಹೋಗುತ್ತದೆ. ಆದ್ದರಿಂದ ಹಳೆಯ ದಾರಿ ಹಿಡಿಯುವುದೇ ಸರಿ. ಮದ್ದೂರಿಗೆ ಮುಂಚೆ ಸಿಗುವ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿದರೆ ಊರು ಸುಮಾರು 12 ಕಿ.ಮೀ. ಬೆಳಗ್ಗೆ ಬೇಗ ಇಲ್ಲವೇ ಇಳಿಹೊತ್ತಿನಲ್ಲಿ ಹೋದರೆ ಹಕ್ಕಿಗಳ ಓಡಾಟ ಹೆಚ್ಚು. ಮರದ ಕೆಳಗೆ ನಿಲ್ಲುವಾಗ ತಲೆಗೊಂದು ಟೋಪಿ ಇರಲಿ, ಕಾರಣ ಹೇಳಬೇಕಿಲ್ಲ. ಪಟಾಕಿ, ಹಾಡು, ಕೂಗಾಟ ಬೇಡ. ಕೆಳಗೆ ಬಿದ್ದ ಮರಿ ಕಂಡರೆ ಮುಟ್ಟದೆ ಊರಿನವರಿಗೆ ಇಲ್ಲವೇ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಗೂಡಿರುವುದು ಯಾರದೋ ಮನೆಯ ಹಿತ್ತಿಲಿನಲ್ಲಿ. ಒಳಗೆ ಹೋಗುವ ಮುನ್ನ ಮನೆಯವರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಮದ್ದೂರಿನಲ್ಲಿ ವಡೆ ತಿಂದು ಮಳವಳ್ಳಿಗೆ ಹೊರಟರೆ, ಅಲ್ಲಿಂದ ಒಂದು ದಾರಿ ಶಿವನಸಮುದ್ರಕ್ಕೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋದದ್ದು ಅಲ್ಲಿಂದ. ಇನ್ನೊಂದು ದಾರಿ ಹಲಗೂರಿನ ಮೂಲಕ ಮುತ್ತತ್ತಿಗೆ. ಕಾವೇರಿ ವನ್ಯಧಾಮದ ಮರಗಳಲ್ಲಿ ಬೂದು ಬಣ್ಣದ ದೊಡ್ಡ ಅಳಿಲು ಸಿಕ್ಕೀತು, ತೊಗಟೆಯ ಬಣ್ಣಕ್ಕೂ ಅದರ ಬಣ್ಣಕ್ಕೂ ವ್ಯತ್ಯಾಸ ಹಿಡಿಯುವ ಕಣ್ಣಿದ್ದರೆ. ನದಿಯಲ್ಲಿ ಸುಳಿಗಳೂ ಮೊಸಳೆಗಳೂ ಇರುವುದರಿಂದ ಮಕ್ಕಳನ್ನು ನೀರಿಗೆ ಇಳಿಸಬಾರದು. ಸಂಜೆ ಕತ್ತಲಾಗುವ ಮುಂಚೆ ಕಾಡಿನ ದಾರಿ ಬಿಟ್ಟು ಹಲಗೂರು ಸೇರಿಕೊಳ್ಳುವುದು ಕ್ಷೇಮ. ಆ ಹೊತ್ತಿನ ಮೇಲೆ ಆ ರಸ್ತೆ ಆನೆಗಳದ್ದು.